ದೋಣಿಗೆ ಬಾಗಿಲಿಲ್ಲ

ಝಹ್ರಾಳ ವಿಮಾನ ಮಧ್ಯಾಹ್ನ ಒಂದು ಇಪ್ಪತ್ತೈದಕ್ಕೆ. ಕೌಂಟರ್ ಮುಚ್ಚುವುದು ಹನ್ನೆರಡು ಇಪ್ಪತ್ತೈದಕ್ಕೆ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ಫಿಸಿಯೋಥೆರಪಿಸ್ಟ್ ಆಗಿ ಹಾಜರಾಗಬೇಕಿತ್ತು. ತಪ್ಪಿದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ ಎಂದು ಪತ್ರದಲ್ಲೇ ಬರೆದಿತ್ತು. ಆ ಸಾಲನ್ನು ಅವಳ ತಂದೆ ಸಮದ್ ನಾಲ್ಕು ಸಲ ಓದಿಸಿಕೊಂಡಿದ್ದರು.

ಹತ್ತು ಐವತ್ತಕ್ಕೆ ಫೋನ್ ಬಂತು. ಗೊತ್ತುಮಾಡಿದ್ದ ದೊಡ್ಡ ಕಾರಿನ ಕ್ಲಚ್ ತೊಕ್ಕೊಟ್ಟಿನಲ್ಲಿ ಹೋಗಿತ್ತು.

ಬಿಕರ್ನಕಟ್ಟೆಯ ಆ ಓಣಿಯಲ್ಲಿ ಉಳಿದದ್ದು ಪಕ್ಕದ ಮನೆಯ ಶೀನಪ್ಪ ಶೆಟ್ಟರ ಸಣ್ಣ ಕಾರು. ಡಿಕ್ಕಿ ತುಂಬ ಕಾರು ಓಡುವ ಗ್ಯಾಸಿನ ಸಿಲಿಂಡರ್. ಹಿಂದಿನ ಸೀಟಿಗೆ ಝಹ್ರಾ, ಅವಳ ತಾಯಿ ಸುಹರಾ, ಮತ್ತು ತಾನೂ ಬರುವವಳೇ ಎಂದು ಹಠ ಹಿಡಿದ ಅಜ್ಜಿ. ಹದಿನೈದು ಕಿಲೋದ ಎರಡು ಬ್ಯಾಗು ಛಾವಣಿಗೇ ಹೋಗಬೇಕು. ಛಾವಣಿಯೋ ಬೋಳು, ಒಂದು ಅಡ್ಡಕಂಬಿಯೂ ಇಲ್ಲ. ಸುಹರಾಳ ತಮ್ಮ ಉಬೈದ್ ಬಿಟ್ಟುಹೋಗಿದ್ದ ಕ್ಯಾನ್ವಾಸ್ ಚೀಲ ಅಟ್ಟದಿಂದ ಇಳಿಯಿತು. ಛಾವಣಿಗೆ ಕಟ್ಟಲೆಂದೇ ಮಾಡಿದ ಚೀಲ, ಅದಕ್ಕೆ ಎರಡು ಉದ್ದ ಪಟ್ಟಿ.

"ಶೆಟ್ರೇ, ನಾಲ್ಕೂ ಗ್ಲಾಸ್ ಇಳಿಸಿ," ಎಂದರು ಸಮದ್.

"ಪೈಂಟ್ ಹೋಗುವುದಿಲ್ಲ ಅಲ್ವಾ?"

"ಚೀಲದ ಕೆಳಗೆ ಬಚ್ಚಲಿನ ರಬ್ಬರ್ ಮ್ಯಾಟ್ ಹಾಕ್ತೇನೆ ಮಾರಾಯ್ರೆ. ಮೂವತ್ತು ವರ್ಷ ಬೆಂಗ್ರೆಯಲ್ಲಿ ದೋಣಿಗೆ ಸಾಮಾನು ಕಟ್ಟಿದವ ನಾನು."

ಆ ಮಾತು ಸುಳ್ಳಲ್ಲ. ಚೀಲವನ್ನು ಛಾವಣಿಯ ನಡುವೆ ಇಟ್ಟು, ಪಟ್ಟಿಗಳನ್ನು ಕಿಟಕಿಯಿಂದ ಕಿಟಕಿಗೆ ತೂರಿಸಿ ಬಿಗಿದರು. ಬಕಲನ್ನು ನಂಬದೆ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ದೋಣಿಯ ಗಂಟು ಹಾಕಿದರು. ಶೆಟ್ಟರು ಚೀಲ ಹಿಡಿದು ಜಗ್ಗಿದಾಗ ಕಾರೇ ಅಲುಗಾಡಿತು, ಚೀಲ ಅಲುಗಲಿಲ್ಲ.

ಮೊದಲು ಹತ್ತಹೋದದ್ದು ಅಜ್ಜಿ. ಬಾಗಿಲು ಬರಲಿಲ್ಲ. ಝಹ್ರಾ ಆಚೆ ಬದಿಯಿಂದ ಎಳೆದಳು. ಅದೂ ಇಲ್ಲ. ಪಟ್ಟಿ ನಾಲ್ಕೂ ಬಾಗಿಲುಗಳನ್ನು ಛಾವಣಿಗೆ ಸೇರಿಸಿ ಬಿಗಿದಿತ್ತು.

ಶೆಟ್ಟರು ಸೊಂಟದ ಮೇಲೆ ಕೈಯಿಟ್ಟರು. "ಸಮದ್ ಬ್ಯಾರಿ, ದೋಣಿಗೆ ಬಾಗಿಲು ಉಂಟಾ?"

"ಇಲ್ಲ."

"ಕಾರಿಗೆ ಉಂಟು. ನನ್ನನ್ನು ಎಂತ, ಕಿಟಕಿಯಲ್ಲಿ ತುರುಕ್ತೀರಾ?"

ಗಂಟೆ ಹನ್ನೊಂದು ಇಪ್ಪತ್ತು. ನಗು ಬಂದದ್ದು ಸುಹರಾಳಿಗೆ ಮಾತ್ರ, ಅವಳೂ ಸೆರಗಿನ ಮರೆಯಲ್ಲಿ ನಕ್ಕಳು. ಸಮದ್ ಗಂಟು ಎಳೆದರು. ನಾಲ್ಕೂ ಬಾಗಿಲು ತೆರೆದಿಟ್ಟು, ಪಟ್ಟಿಗಳನ್ನು ಬಾಗಿಲಿನ ಜಾಗದಿಂದಲೇ ಒಳಗೆ ಹಾಯಿಸಿ ಮತ್ತೆ ಕಟ್ಟಿದರು. ಈಗ ಬಾಗಿಲುಗಳು ಪಟ್ಟಿಯ ಮೇಲೆ ಮುಚ್ಚಿದವು, ತೆರೆದವು ಕೂಡ. ಶೆಟ್ಟರು ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿದರು. ಹೊರಟಾಗ ಹನ್ನೊಂದು ಮೂವತ್ತೆಂಟು.

ಯೆಯ್ಯಾಡಿ ದಾಟಿ ವೇಗ ಏರಿದ್ದೇ ತಲೆಯ ಮೇಲೆ ಗುಂಯ್ ಎಂಬ ಸದ್ದು ಎದ್ದಿತು. ಬೊಂದೆಲ್ ತಲುಪುವಾಗ ಮಾತು ಕೇಳದಷ್ಟಾಯಿತು.

"ಚೀಲ ಹಾರ್ತದೆ," ಎಂದರು ಶೆಟ್ಟರು. "ಕೆಳಗಿಳಿಸುವ. ಬ್ಯಾಗ್ ಹಿಂದಿನಿಂದ ಆಟೋದಲ್ಲಿ ಬರಲಿ."

"ಉಪ್ಪಾ, ಟೈಮ್ ಇಲ್ಲ," ಎಂದು ಝಹ್ರಾ ತಂದೆಗೆ ಕೂಗಿ ಹೇಳಿದಳು.

ಸಮದ್ ಕಣ್ಣು ಮುಚ್ಚಿ ಕೇಳಿದರು. ಈ ಸದ್ದು ಅವರಿಗೆ ಗೊತ್ತಿತ್ತು. ನದಿ ಕಡಲು ಸೇರುವ ಅಳಿವೆಯ ಗಾಳಿಗೆ ದೋಣಿಯಲ್ಲಿ ಬಿಗಿದ ಪಟ್ಟಿ ಹೀಗೇ ಹಾಡುತ್ತಿತ್ತು.

"ಬದಿಗೆ ಹಾಕಿ ಶೆಟ್ರೇ. ಎರಡೇ ನಿಮಿಷ. ಪಟ್ಟಿ ಚಪ್ಪಟೆ ಉಂಟು, ಅದಕ್ಕೆ ಗಾಳಿಗೆ ನಡುಗ್ತದೆ."

ಗಂಟು ಎಳೆದು, ಎರಡೂ ಪಟ್ಟಿಗಳಿಗೆ ಒಂದೊಂದು ತಿರುವು ಕೊಟ್ಟು, ಮರಳಿ ಬಿಗಿದರು. ಮೂರು ನಿಮಿಷ ಹಿಡಿಯಿತು. ಕಾರು ಮರವೂರು ಸೇತುವೆಗೆ ಏರಿತು. ಎಲ್ಲರೂ ಕಿವಿಗೊಟ್ಟರು. ಇಂಜಿನ್ನಿನದು ಬಿಟ್ಟರೆ ಬೇರೆ ಸದ್ದಿಲ್ಲ. ಅಜ್ಜಿ ಆಗಲೇ ನಿದ್ದೆಗೆ ಜಾರಿದ್ದರು.

ಬಜಪೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಹನ್ನೆರಡು ಹನ್ನೆರಡಕ್ಕೆ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಝಹ್ರಾ ತಂದೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, ಟ್ರಾಲಿ ತಳ್ಳಿಕೊಂಡು ಒಳಗೆ ಹೋದಳು.

ಹನ್ನೆರಡು ಇಪ್ಪತ್ತಮೂರಕ್ಕೆ ಫೋನ್ ಮಾಡಿದಳು. "ಉಪ್ಪಾ, ಬ್ಯಾಗ್ ಒಳಗೆ ಹೋಯಿತು. ಬೋರ್ಡಿಂಗ್ ಪಾಸ್ ಕೈಯಲ್ಲುಂಟು."

ಸಮದ್ ಬೋಳು ಛಾವಣಿಯ ಮೇಲೆ ಅಂಗೈಯಿಟ್ಟು ನಿಂತರು. ಬಿಸಿಲಿಗೆ ತಗಡು ಸುಡುತ್ತಿತ್ತು. ಅವರು ಕೈ ತೆಗೆಯಲಿಲ್ಲ.

"ಹತ್ತಿ ಬ್ಯಾರಿಗಳೇ," ಎಂದರು ಒಳಗಿಂದ ಶೆಟ್ಟರು. "ಬಾಗಿಲು ಎಳೆದು ನೋಡಿ ಮೊದಲು."

ಸಮದ್ ಎಳೆದರು. ಬಂತು.