ಹದ ಆರುವ ಮುನ್ನ

ಸತ್ತವನ ಕೋಟು ತೊಟ್ಟು, ಅವನ ಹ್ಯಾಟನ್ನು ಹುಬ್ಬಿನವರೆಗೂ ಎಳೆದುಕೊಂಡು ಮಹಾಚಿ ಅಂಗಳಕ್ಕೆ ಬಂದದ್ದೇ ತಡ, ಹೆಣದ ಸುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ಕಿಸಕ್ಕೆಂದರು. ಮಹಾಚಿ ಆ ಮನೆತನದ ಸಹ್ವಿರಾ, ತಲೆತಲಾಂತರದ ಗೆಳೆಯ. ಸಾವಿನ ಮನೆಯಲ್ಲಿ ಸಹ್ವಿರಾ ಯಾರನ್ನು ಬೇಕಾದರೂ ಆಡಿಕೊಳ್ಳಬಹುದು. ಮುನಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಅವನು ಬೆರಳಿಗೆ ಎಂಜಲು ಹಚ್ಚಿ ಗಾಳಿಗೆ ಹಿಡಿದ. "ಕೆತಿನಾ, ಇವತ್ತು ಮಳೆ ಬಂದೇ ಬರುತ್ತೆ ಕಣೇ! ಬೀಜ ತಾ!"

ಥೇಟ್ ಜೋಕೊನಿಯಾ! ಗಂಡನ ತಲೆದೆಸೆಯಲ್ಲಿ ಕೂತಿದ್ದ ಕೆತಿನಾಳಿಗೂ ನಗು ಬಂತು. ಮೊನ್ನೆ ಅವನು ಕಣ್ಣು ಮುಚ್ಚಿದ ಸಂಜೆಯೇ, ಎರಡು ತಿಂಗಳು ಆಟ ಆಡಿಸಿದ್ದ ಮಳೆ ಧೋ ಎಂದು ಸುರಿದಿತ್ತು. ಆದರೆ ಹೆಣ ಮಣ್ಣಾಗುವವರೆಗೆ ಊರಲ್ಲಿ ಯಾರೂ ಹೊಲಕ್ಕೆ ಗುದ್ದಲಿ ಹಾಕುವಂತಿಲ್ಲ. ಜೋಕೊನಿಯಾನ ಅಣ್ಣ ಬರುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯಂತೆ. ಬಿಸಿಲೋ, ನೆತ್ತಿ ಸುಡುತ್ತಿದೆ. ನಾಳೆಗೆ ಹದ ಆರಿಹೋದರೆ ಈ ವರ್ಷ ಊರಿಗೆ ಮೆಕ್ಕೆಜೋಳವಿಲ್ಲ.

"ಹಿರಿಯಣ್ಣ ಬರದೆ ಹೆಣ ಎತ್ತೋ ಹಾಗಿಲ್ಲ," ಎಂದ ಊರ ಮುಖಂಡ.

*

ಹಿಂದೆಲ್ಲ ನವೆಂಬರಿನಲ್ಲಿ ಮಳೆ ಕರೆದ ಹಾಗೆ ಬರುತ್ತಿತ್ತು. ಬರಬರುತ್ತಾ ಅದಕ್ಕೆ ತಿಂಗಳೇ ಮರೆತುಹೋಯಿತು. ಮೂರು ವರ್ಷ ಜೋಕೊನಿಯಾ ಅವಸರಪಟ್ಟು ಒಣಮಣ್ಣಿಗೇ ಬಿತ್ತಿದ. ಗಿನಿಕೋಳಿಗಳು ಹೆಕ್ಕಿ ತಿಂದವು. ಹೋದ ವರ್ಷ ಪೈರೇನೋ ಆಳುದ್ದ ಬಂತು, ಸೂಲಂಗಿ ಹೊಡೆಯುವ ಹೊತ್ತಿಗೆ ಮೂರು ವಾರ ಬರೀ ಬಿಸಿಲು. ಸಿಪ್ಪೆ ಸುಲಿದರೆ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು.

"ನೋಡೇ, ನನ್ನ ಬಾಯಿ ಥರಾನೇ ಇದೆ," ಎಂದು ಅವನು ಉಳಿದ ನಾಲ್ಕು ಹಲ್ಲು ತೋರಿಸಿದ್ದ.

ಅವಳು ಸಿಟ್ಟಿನಲ್ಲಿ ತೆನೆಯನ್ನು ಅವನ ಮೇಲೇ ಎಸೆದಿದ್ದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

*

ಕೆತಿನಾ ಮಹಾಚಿಯ ತೋಳು ಜಗ್ಗಿದಳು. "ನಾನು ಬಾಯಿ ಬಿಟ್ರೆ, ಗಂಡನ್ನ ಸಾಗಹಾಕೋ ಅವಸರ ನೋಡು ಅಂತಾರೆ. ನೀನು ಹೇಳೋ."

ಮಹಾಚಿ ನೆಟ್ಟಗೆ ಹೋಗಿ ಮುಖಂಡನೆದುರು ಜೋಕೊನಿಯಾನ ಹಾಗೇ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನಯ್ಯಾ, ನಮ್ಮಣ್ಣ ನನ್ನ ಮದುವೆಗೇ ಮೂರು ದಿನ ತಡವಾಗಿ ಬಂದೋನು. ಅವನಿಗೆ ಕಾದಿದ್ರೆ ನಂಗೆ ಹೆಂಡತೀನೇ ಸಿಗ್ತಿರಲಿಲ್ಲ! ಬದುಕಿದ್ದಾಗ ಮಳೆಗೆ ಕಾದೆ, ಸತ್ತ ಮೇಲೆ ಬಸ್ಸಿಗೆ ಕಾಯ್ಬೇಕಾ? ಮೊದಲು ನನ್ನ ಬಿತ್ತಿ, ಆಮೇಲೆ ಜೋಳ ಬಿತ್ತಿ!"

ಅಂಗಳವೆಲ್ಲ ಗೊಳ್ಳೆಂದಿತು. ಮುಖಂಡ ತುಟಿ ಕಚ್ಚಿ ಹಿಡಿದ, ಆಗಲಿಲ್ಲ, ನಕ್ಕೇಬಿಟ್ಟ. "ಸತ್ತೋನೇ ಹೇಳಿದ ಮೇಲೆ ನಾನ್ಯಾರಪ್ಪ," ಎನ್ನುತ್ತಾ ಎದ್ದ.

ಮಧ್ಯಾಹ್ನಕ್ಕೆಲ್ಲ ಮಣ್ಣಾಯಿತು. ಗೋರಿಯಿಂದ ಜನ ಸೀದಾ ಜೋಕೊನಿಯಾನ ಹೊಲಕ್ಕೇ ಇಳಿದರು. ಮೊದಲು ಅವನದು ಮುಗಿಸಿ ಆಮೇಲೆ ತಂತಮ್ಮದು. ಇಳಿಹೊತ್ತಿಗೆ ಚೀಲ ಹೊತ್ತು ಬಂದ ಅಣ್ಣನ ಕೈಗೂ ಯಾರೋ ಗುದ್ದಲಿ ಕೊಟ್ಟರು.

ಕೋಟು ಬಿಚ್ಚದ ಮಹಾಚಿ ಮುಂದೆ ಗುಣಿ ತೋಡುತ್ತಿದ್ದ. ಹಿಂದೆ ಕೆತಿನಾ ಎರಡೆರಡು ಕಾಳು ಹಾಕಿ ಕಾಲಲ್ಲಿ ಮಣ್ಣೆಳೆಯುತ್ತಿದ್ದಳು.

"ಆಳ ಸಾಲದು, ಇನ್ನೂ ತೋಡೋ ಮುದುಕಾ!" ಎಂದು ಎದುರಿನ ಬೆನ್ನಿಗೆ ಗದರಿದಳು, ನಲವತ್ತು ವರ್ಷ ಗದರಿದ ಹಾಗೇ.

ಬೆನ್ನು ತಿರುಗಿತು. ಮುಖ ಮಹಾಚಿಯದು.

ಅವಳ ಕಣ್ಣು ತುಂಬಿ ಬಂತು. ಮಹಾಚಿ ಬಗ್ಗಿ ಅದೇ ಗುಣಿಗೆ ಇನ್ನೊಂದು ಏಟು ಹಾಕಿದ. ಅವಳು ಇಣುಕಿ ನೋಡಿ, ಎರಡು ಕಾಳು ಹಾಕಿದಳು.