ಕಾಣೆಯಾದ ಎರಡು ಕೊಠಡಿ

ಕಟ್ಟಡ ವಿಭಾಗಕ್ಕೆ ವರ್ಗವಾಗಿ ಬಂದ ಹನ್ನೊಂದನೆಯ ದಿನ ಇಂಜಿನಿಯರ್ ಆ ದೊಡ್ಡ ಸರ್ಕಾರಿ ಶಾಲೆಗೆ ಹೋದಳು. ಸುಲಭದ ಕೆಲಸ. ಕಟ್ಟಿ ಮುಗಿದಿರುವ ಎರಡು ಕೊಠಡಿಗಳ ಮುಂದೆ ನಿಂತು ಇಲಾಖೆಯ ಆ್ಯಪ್‌ನಲ್ಲಿ ಒಂದು ಫೋಟೊ ತೆಗೆದರೆ ಕಡತ ಮುಗಿಯುತ್ತಿತ್ತು.

"ಯಾವ ಕೊಠಡಿ?" ಎಂದರು ಮುಖ್ಯೋಪಾಧ್ಯಾಯಿನಿ. "ಇರೋದೇ ಆರು. ಅದರಲ್ಲೊಂದು ಸೋರುತ್ತೆ."

"ಹೊಸದು ಎರಡು ಕೊಟ್ಟಿದೆಯಲ್ಲ, ಮೇಡಂ?"

"ಎರಡು ವರ್ಷದಿಂದ ಕೊಠಡಿ ಕೊಡಿ ಅಂತ ಬರೀತಾನೇ ಇದ್ದೀನಿ. ಆಗ್ಲೇ ಕೊಟ್ಟಾಗಿದೆ ಅಂತ ಉತ್ತರ ಬರುತ್ತೆ. ನನಗೇ ಅನುಮಾನ ಬಂದು ಒಂದ್ಸಲ ಶೌಚಾಲಯದ ಹಿಂದೆಲ್ಲ ಹೋಗಿ ನೋಡ್ಕೊಂಡು ಬಂದೆ."

ಇಂಜಿನಿಯರ್ ತಾನೂ ಸುತ್ತಿ ನೋಡಿದಳು. ಐದನೆಯ ಮತ್ತು ಆರನೆಯ ತರಗತಿಯ ಮಕ್ಕಳು ಜಗಲಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕುಳಿತಿದ್ದರು. ಈ ಕಡೆ ಭಿನ್ನರಾಶಿ, ಆ ಕಡೆ ಭೂಗೋಳ. ಎರಡೂ ಒಂದೇ ಕಿವಿಗೆ ಬೀಳುತ್ತಿದ್ದವು. ಕೆಲಸ ವಹಿಸಿಕೊಂಡಿದ್ದ ಮೇಸ್ತ್ರಿ ಕಟ್ಟದೆಯೇ ಕಟ್ಟಿದ್ದೇನೆಂದು ಬರೆಸಿಬಿಟ್ಟಿದ್ದಾನೆ ಎಂದುಕೊಂಡು ಅವಳು ಅವನಿಗೆ ಫೋನ್ ಮಾಡಿದಳು. ಅವನಿಗೆ ಸಿಟ್ಟೇ ಬಂತು.

"ಕಟ್ಟಿಲ್ವಾ? ನನ್ನ ಕೈಯಾರೆ ಕಿಟಕಿ ಕೂರಿಸಿದ್ದೀನಿ. ಅಲ್ಲೇ ಇರಿ, ಬಂದೆ."

ಬಂದವನು ಅಂಗಳದ ನಡುವೆ ಸ್ಕೂಟರ್ ನಿಲ್ಲಿಸಿ ನಾಲ್ಕೂ ಕಡೆ ನೋಡಿದ. ತಲೆ ಕೆರೆದುಕೊಂಡ. "ಈ ಸ್ಕೂಲಲ್ಲ ಮೇಡಂ."

ಇಬ್ಬರೂ ಅವನ ಹಿಂದೆ ನಡೆದು, ಮುಖ್ಯ ರಸ್ತೆ ದಾಟಿ, ಗೋದಾಮುಗಳ ಸಾಲಿನ ಪಕ್ಕದ ಓಣಿ ಹಿಡಿದರು. ಹತ್ತು ನಿಮಿಷದ ದಾರಿ. ತುಕ್ಕು ಹಿಡಿದ ಗೇಟಿನ ಒಳಗೆ ಪಾಳುಬಿದ್ದ ಹಳೆಯ ಶಾಲೆ. ಅದರ ಪಕ್ಕದಲ್ಲಿ ಹಸಿರು ಬಾಗಿಲಿನ ಎರಡು ಹೊಸ ಕೊಠಡಿಗಳು, ಬೀಗ ಹಾಕಿಕೊಂಡು ನಿಂತಿದ್ದವು.

ಮುಖ್ಯೋಪಾಧ್ಯಾಯಿನಿ ಬಾಯಿಗೆ ಸೆರಗು ಹಿಡಿದರು. "ಇದು ಮುಚ್ಚಿರೋ ಸ್ಕೂಲು! ಇಲ್ಲಿನ ಮಕ್ಕಳೇ ಅಲ್ವಾ ನನ್ನ ಜಗಲೀಲಿ ಕೂತಿರೋದು!"

ಆದದ್ದು ಇಷ್ಟು. ಕೊಠಡಿ ಮಂಜೂರಾದದ್ದು ಈ ಸಣ್ಣ ಶಾಲೆಗೆ. ಪಾಯ ತೋಡುವಷ್ಟರಲ್ಲಿ ಮಕ್ಕಳು ಕಡಿಮೆಯೆಂದು ಇದನ್ನು ದೊಡ್ಡ ಶಾಲೆಗೆ ಸೇರಿಸಿದರು. ಕಂಪ್ಯೂಟರಿನಲ್ಲಿ ಇದರ ಹೆಸರು ಅಳಿಸಿ, ಇದಕ್ಕೆ ಸೇರಿದ್ದೆಲ್ಲವನ್ನೂ ದೊಡ್ಡ ಶಾಲೆಯ ಲೆಕ್ಕಕ್ಕೆ ಹಾಕಿದರು. ನಿಲ್ಲಿಸು ಎಂದು ಮೇಸ್ತ್ರಿಗೆ ಯಾರೂ ಹೇಳಲಿಲ್ಲ. ಅವನು ನಕ್ಷೆ ನೋಡಿ ಕಟ್ಟಿ ಮುಗಿಸಿದ.

"ಚೆನ್ನಾಗೇ ಕಟ್ಟಿದ್ದೀನಲ್ವಾ, ಮೇಡಂ?" ಎಂದು ಅವನು ಮೆಲ್ಲಗೆ ಕೇಳಿದ. ನಿಜಕ್ಕೂ ಚೆನ್ನಾಗಿತ್ತು. ಇಂಜಿನಿಯರ್ ಫೋಟೊ ತೆಗೆಯಲು ಹೋದರೆ ಆ್ಯಪ್ ಒಪ್ಪಲಿಲ್ಲ: ನೀವು ಶಾಲೆಯ ಆವರಣದಲ್ಲಿಲ್ಲ.

ಮರುದಿನ ಮೇಲಧಿಕಾರಿ ಕಡತ ತೆರೆಯಲೂ ಇಲ್ಲ. "ಇದರಲ್ಲಿ ಇರೋದೇ ಎರಡು ದಾರಿ. ಮುಗಿದಿದೆ ಅಂತ ಒತ್ತು, ಇಲ್ಲಾ ರದ್ದು ಮಾಡು."

"ಮುಗಿದಿದೆ ಅಂದ್ರೆ ಆ ಮಕ್ಕಳಿಗೆ ಇನ್ಯಾವತ್ತೂ ಕೊಠಡಿ ಸಿಗಲ್ಲ, ಸಾರ್. ರದ್ದು ಅಂದ್ರೆ ಕಟ್ಟಿರೋದು ಯಾರ ಲೆಕ್ಕಕ್ಕೂ ಇರಲ್ಲ."

"ಅದಕ್ಕೇ ನಾನು ಒತ್ತಿರಲಿಲ್ಲ," ಎಂದು ಅವರು ಕನ್ನಡಕ ಒರೆಸುತ್ತ ಕುಳಿತರು.

ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದಳು. ಅಪ್ಪ ಬಡಗಿ, ಈಗ ಕೈ ನಡುಗುವುದರಿಂದ ಕೆಲಸ ಬಿಟ್ಟಿದ್ದರು. ಅವರು ಎಲ್ಲ ಕೇಳಿಸಿಕೊಂಡು, "ಬೀಗದ ಕೈ ಯಾರ ಹತ್ರ ಇದೆ?" ಎಂದರು.

"ಮೇಸ್ತ್ರಿ ಹತ್ರ."

"ಮತ್ತಿನ್ನೇನಮ್ಮ?"

ಅಷ್ಟು ಸಲೀಸೇ ಎಂದು ಅವಳಿಗೆ ತಿಳಿಯಲಿಲ್ಲ. ಮಕ್ಕಳು ರಸ್ತೆ ದಾಟುವಾಗ ಏನಾದರೂ ಆದರೆ? ದಾಖಲೆಯಲ್ಲೇ ಇಲ್ಲದ ಶಾಲೆಯಲ್ಲಿ ಪಾಠ ನಡೆಸಲು ಹೇಳಿದ್ದು ಯಾರು ಎಂದರೆ? ಎರಡು ದಿನ ಅತ್ತ ದರಿ ಇತ್ತ ಪುಲಿ ಎಂಬಂತಾಗಿ ಊಟ ರುಚಿಸಲಿಲ್ಲ. ಮೂರನೆಯ ದಿನ ನಡೆದದ್ದನ್ನೆಲ್ಲ ಬರೆದು, ತನ್ನ ಸಹಿಯನ್ನೇ ಹಾಕಿ ಇಲಾಖೆಗೆ ಪತ್ರ ಕಳಿಸಿದಳು. ಆ್ಯಪ್‌ನಲ್ಲಿ ಯಾವ ಗುಂಡಿಯನ್ನೂ ಒತ್ತಲಿಲ್ಲ. ಮೇಸ್ತ್ರಿಯಿಂದ ಬೀಗದ ಕೈ ಇಸಿದುಕೊಂಡು ಮುಖ್ಯೋಪಾಧ್ಯಾಯಿನಿಗೆ ಕೊಟ್ಟಳು. ಅವರು ಪೋಷಕರ ಸಭೆ ಕರೆದರು. "ನಮ್ಮ ಮನೆ ಬಾಗಿಲಿಗೇ ಸ್ಕೂಲು ವಾಪಸ್ ಬಂತಲ್ಲ, ಇದನ್ನೂ ಕೇಳ್ಬೇಕಾ?" ಎಂದು ಓಣಿಯ ತಾಯಂದಿರು ಬೈದರು. ದೊಡ್ಡ ಶಾಲೆಯ ಪಕ್ಕದಲ್ಲಿರುವ ಮಕ್ಕಳನ್ನು ರಸ್ತೆ ದಾಟಿಸಲು ಇಬ್ಬರು ತಂದೆಯರು ಸರದಿ ಹಾಕಿಕೊಂಡರು. ಮುಂದಿನ ವಾರ ಎರಡೂ ತರಗತಿಗಳು ಹಸಿರು ಬಾಗಿಲಿನೊಳಗೆ ಹೋದವು.

ಮೂರು ತಿಂಗಳ ಮೇಲೆ ಉತ್ತರ ಬಂತು: ದೊಡ್ಡ ಶಾಲೆಯ ಆವರಣದಲ್ಲಿರುವ ಹೊಸ ಕೊಠಡಿಗಳನ್ನು ಬಳಸದೆ ಮಕ್ಕಳನ್ನು ಬೇರೆಡೆ ಕೂರಿಸಿದ್ದೇಕೆ, ವಿವರಣೆ ನೀಡಿ. ಇಂಜಿನಿಯರ್ ಅದನ್ನು ಮೂರು ಸಲ ಓದಿದಳು. ತಲೆಬುಡ ಹತ್ತದೆ, ಹಿಡಿದುಕೊಂಡು ಓಣಿಗೆ ನಡೆದಳು.

ಆರನೆಯ ತರಗತಿಯಲ್ಲಿ ಮುಖ್ಯೋಪಾಧ್ಯಾಯಿನಿ ಹೊಸ ನೋಟ್‌ಬುಕ್ ಹಂಚುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಶಾಲೆ ಹೆಸರು ಅಂತ ಇರೋ ಕಡೆ ಯಾವುದು ಬರೀಬೇಕು?"

ಮುಖ್ಯೋಪಾಧ್ಯಾಯಿನಿ ಇಂಜಿನಿಯರ್ ಮುಖ ನೋಡಿದರು. ಅವಳು ಕೈಯಲ್ಲಿದ್ದ ಪತ್ರ ನೋಡಿದಳು.

"ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರಿ, ಪುಟ್ಟಿ," ಎಂದಳು.