ಹಾಲವ್ವನ ಮೂವತ್ತೊಂದು ಸೆರಗು

ಬನಹಟ್ಟಿಯ ಶಿದ್ರಾಮಪ್ಪನ ಅಂಗಡಿಯಲ್ಲಿ ಕಂಪ್ಯೂಟರ್ ಚಾಲೂ ಆಗುವಷ್ಟರಲ್ಲಿ ಅವನದು ಒಂದು ಕಪ್ ಚಹಾ, ನಾಲ್ಕು ಸಲ ಬೈಗುಳ ಮುಗಿದಿರುತ್ತಿದ್ದವು. ಪರದೆ ಬೆಳಗಿತೋ ಇಲ್ಲವೋ, ಕರೆಯದೇ ಬಂದ ನೆಂಟರ ಹಾಗೆ ಜಾಹೀರಾತುಗಳು ಒಂದರ ಮೇಲೊಂದು ಬಂದು ಕೂರುತ್ತಿದ್ದವು. "ನೀವು ಬಹುಮಾನ ಗೆದ್ದಿದ್ದೀರಿ" ಎಂದು ಒಂದು. "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಇಲ್ಲಿ ಒತ್ತಿರಿ" ಎಂದು ಇನ್ನೊಂದು. ಶಿದ್ರಾಮಪ್ಪ ಪರದೆಯ ನೆತ್ತಿಗೆ ಒಂದು ಗುದ್ದು ಕೊಡುತ್ತಿದ್ದ. ಅವನಿಗೆ ಗೊತ್ತಿದ್ದ ದುರಸ್ತಿ ಅದೊಂದೇ.

ಅಂಗಡಿಯ ಕೆಲಸ ಸೀರೆಯ ನಕ್ಷೆಯದು. ಹೆಂಡತಿ ಹಾಲವ್ವ ಚೌಕದ ಕಾಗದದ ಮೇಲೆ ಸೆರಗಿನ ನಕ್ಷೆ ಬರೆಯುತ್ತಾಳೆ. ಶಿದ್ರಾಮಪ್ಪ ಅದನ್ನು ಕಂಪ್ಯೂಟರಿಗೆ ಏರಿಸಿ, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ನೇಕಾರರಿಗೆ ಕೊಡುತ್ತಾನೆ. ಆ ಪಟ್ಟಿಗಳ ಮಾಲೆಯನ್ನು ಮಗ್ಗಕ್ಕೆ ಏರಿಸಿದರೆ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ಹೂವು ಮೂಡುತ್ತದೆ. ಹದಿನೆಂಟು ವರ್ಷದಲ್ಲಿ ಹಾಲವ್ವ ಬರೆದದ್ದು ಮೂವತ್ತೊಂದು ಸೆರಗು. ಕಾಗದಗಳನ್ನು ಗೆದ್ದಲು ತಿಂದು ಮುಗಿಸಿದ್ದವು. ನಕ್ಷೆಗಳಾಗಿ ಉಳಿದವು ಕಂಪ್ಯೂಟರಿನ ಒಳಗಿನವು ಮಾತ್ರ.

ಒಂದು ಮುಂಜಾನೆ ರಬಕವಿಯ ಗುರುಸಿದ್ದ ಬಂದ. ಅವನದೂ ಇಂಥದೇ ಅಂಗಡಿ. ಕಿಸೆಯಿಂದ ಪೆನ್ ಡ್ರೈವ್ ತೆಗೆದು ಎತ್ತಿ ತೋರಿಸಿದ.

"ನಕ್ಷೆ ಮಾಡೂ ಹೊಸಾ ಸಾಫ್ಟ್‌ವೇರ್ ತಂದೇನಿ ನೋಡೋ ಶಿದ್ರಾಮ. ಕಂಪನಿಯವ್ರು ಕೈತುಂಬ ರೊಕ್ಕ ಕೇಳತಾರ. ನಿನಗ ಪುಗಸಟ್ಟೆ."

"ಹಾಕೋ ಮತ್ತ, ಏನ್ ನೋಡಾಕತ್ತಿ?"

"ಮದಲ ಆ ಆಂಟಿವೈರಸ್ ಬಂದ್ ಮಾಡಬೇಕು. ಇದನ್ನ ಕಂಡ್ರ ಅದು ಸುಮ್ಮಸುಮ್ಮನ ಬೊಗಳತೈತಿ."

ಪಟ್ಟಿ ಒಯ್ಯಲು ಬಂದಿದ್ದ ಶೈಲಾ ಬಾಗಿಲಲ್ಲೇ ನಿಂತಿದ್ದಳು. ಓಣಿಯ ನೇಕಾರ ತಂಗೆವ್ವನ ಸೊಸೆ ಅವಳು. ಬೀಳಗಿ ಕಡೆಯ ಕುರಿಗಾರರ ಮನೆಯ ಮಗಳು. ಜಮಖಂಡಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳಿಗೆ ತಡೆಯಲಾಗಲಿಲ್ಲ.

"ಕಾಕಾರ, ಮನಿ ಮುಂದ ಮುಧೋಳ ನಾಯಿ ಬೊಗಳಿದ್ರ ನಾಯಿ ಬಾಯಿ ಕಟ್ಟತೀರೋ, ಯಾರ ಬಂದಾರಂತ ನೋಡತೀರೋ?"

ಗುರುಸಿದ್ದ ಹಲ್ಲು ಕಿರಿದ. ಶಿದ್ರಾಮಪ್ಪನ ಮುಖ ಕೆಂಪಾಯಿತು. "ನಿನ್ನ ಮಾಸ್ತರಕಿ ಕಾಲೇಜಿನಾಗ ಮಾಡಬೇ. ಇದು ಅಂಗಡಿ."

"ಬೈರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮ ವಿಂಡೋಸ್ ಸೈತ ಕದ್ದದ್ದ ಐತಿ. ವಿಂಡೋಸ್ ಕೆಟ್ಟದ್ದಲ್ರಿ, ಕದ್ದ ವಿಂಡೋಸ್ ಕೆಟ್ಟದ್ದು. ಅದೂ ಹಳೀದು, ಅದಕ್ಕ ಕಂಪನಿಯಿಂದ ಈಗ ದುರಸ್ತಿ ಬರೂದಿಲ್ಲ. ಲಿನಕ್ಸ್ ಅಂತ ಇನ್ನೊಂದು ಐತಿ. ಕಂಪ್ಯೂಟರ್ ನಡಸೂ ಕೆಲಸ ಅದೂ ಮಾಡತೈತಿ. ರೊಕ್ಕ ಇಲ್ಲ, ಕದ್ದದ್ದೂ ಅಲ್ಲ. ಮಾಡಿದವ್ರ ಎಲ್ಲಾರೂ ಬಳಸ್ಲಿ ಅಂತ ಬಿಟ್ಟಾರ. ಊರಾಗ ತಿರಗೂ ವೈರಸ್ ಬಹಳಷ್ಟು ವಿಂಡೋಸ್ ಸಲುವಾಗಿ ಬರದದ್ದು. ಅಲ್ಲಿ ಅವು ನಡಿಯೂದಿಲ್ಲ."

"ರೊಕ್ಕ ಇಲ್ದ ಯಾರರ ಏನರ ಕೊಡತಾರ? ಅದರಾಗ ಏನೋ ಕುತಂತ್ರ ಇರಬೇಕು."

"ಗುರುಸಿದ್ದಣ್ಣ ತಂದದ್ದೂ ಪುಗಸಟ್ಟೀನ ಅಲ್ರಿ? ಅದರಾಗ ಕುತಂತ್ರ ಇಲ್ಲೇನು?"

ಒಳಗಿನಿಂದ ಹಾಲವ್ವ ನಕ್ಕ ಸದ್ದು ಕೇಳಿಸಿತು. ಅಷ್ಟು ಸಾಕಾಯಿತು ಶಿದ್ರಾಮಪ್ಪನಿಗೆ. ಪಟ್ಟಿಗಳನ್ನು ಶೈಲಾಳ ಕೈಗೆ ತುರುಕಿ ಕಳಿಸಿದ. ಆಂಟಿವೈರಸ್ ಬಂದ್ ಮಾಡಿದ. ಅದು ಮೂರು ಸಲ "ಬೇಡ" ಎಂದಿತು, ಮೂರು ಸಲವೂ ಇವನು "ಬೇಕು" ಎಂದು ಒತ್ತಿದ.

ಗುರುಸಿದ್ದ ಹಾಕಿಕೊಟ್ಟ ಮೇಲೆ ಎರಡು ದಿನ ಸಾಫ್ಟ್‌ವೇರ್ ಭರ್ಜರಿ ನಡೆಯಿತು. ಮೂರನೆಯ ದಿನ ಪರದೆ ಕೆಂಪಾಯಿತು. ಪ್ರತಿ ನಕ್ಷೆಯ ಹೆಸರಿನ ಹಿಂದೆ ಅರ್ಥವಾಗದ ಅಕ್ಷರಗಳ ಬಾಲ. ಯಾವುದನ್ನೂ ತೆರೆಯಲು ಬರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಬೆದರಿಕೆ. ಅದನ್ನು ಓದಿ ಹೇಳಿದವಳು ಮಗಳು ಸೌಂದರ್ಯಾ: "ಅಪ್ಪಾ, ನಮ್ಮ ನಕ್ಷೆಗೋಳಿಗೆ ಕೀಲಿ ಹಾಕ್ಯಾರ. ರೊಕ್ಕ ಕೊಟ್ಟರ ಬಿಡತೀವಿ ಅಂತಾರ."

ಶಿದ್ರಾಮಪ್ಪ ಪರದೆಗೆ ಗುದ್ದಲಿಲ್ಲ.

ಹಾಲವ್ವ ಬೈಯಬೇಕಿತ್ತು, ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತು ಹೇಳಿದಳು, "ಆ ನವಿಲಿನ ಸೆರಗ ನಾ ಸೌಂದರ್ಯಾ ಹೊಟ್ಟ್ಯಾಗಿದ್ದಾಗ ಬರದದ್ದು. ಈಗ ಬರಿ ಅಂದ್ರ ಬರೂದಿಲ್ಲ. ಕಣ್ಣ ಮಂಜ, ಕೈಗೆ ನೆನಪಿಲ್ಲ."

ಆ ಮಾತು ಕೇಳಿದ ಮೇಲೆ ಶಿದ್ರಾಮಪ್ಪನಿಗೆ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ, ತನ್ನ ಹೊರತು. ಫೋನ್ ತೆಗೆದು ತಾನೇ ಶೈಲಾಳನ್ನು ಕರೆದ.

ಅವಳು ಬಂದವಳೇ ಮೊದಲು ಇಂಟರ್‌ನೆಟ್ ವಾಯರ್ ಕಿತ್ತಳು. "ನಾ ಹೇಳಿದ್ದಿಲ್ಲೇನು" ಎನ್ನುತ್ತಾಳೆ ಎಂದು ಶಿದ್ರಾಮಪ್ಪ ತಲೆ ತಗ್ಗಿಸಿ ಕಾದ. ಅವಳು ಅನ್ನಲಿಲ್ಲ.

"ರೊಕ್ಕ ಕೊಟ್ಟ ಬಿಡಲೇನವಾ?" ಎಂದ.

"ಬ್ಯಾಡ್ರಿ. ಕೊಟ್ಟರೂ ಬಿಡತಾರಂತ ಖಾತ್ರಿ ಇಲ್ಲ. ಈ ಕೀಲಿಗೆ ಸದ್ಯ ಮದ್ದಿಲ್ಲ. ಈ ಡಿಸ್ಕ್ ತಗದ ಎತ್ತಿ ಇಡೂನು, ಮುಂದ ಯಾರರ ಕಂಡಹಿಡದ್ರ ನೋಡೂನು. ಈಗ ಪೊಲೀಸರಿಗೆ ದೂರು ಕೊಡ್ರಿ. ಗುರುಸಿದ್ದಣ್ಣಗೂ ತಿಳಸ್ರಿ."

"ಅಂದ್ರ ಮೂವತ್ತೊಂದೂ ಹ್ವಾದವು."

ಅದಕ್ಕೆ ಉತ್ತರ ಬಂದದ್ದು ಸಂಜೆಗೆ, ಶೈಲಾಳ ಅತ್ತೆಯ ತಲೆಯ ಮೇಲೆ. ತಂಗೆವ್ವ ಹಳೆಯ ಪಟ್ಟಿಗಳ ಗಂಟು ಹೊತ್ತು ತಂದು ಅಂಗಡಿಯ ನಡುವೆ ದೊಪ್ಪನೆ ಇಳಿಸಿದಳು.

"ಅಲ್ಲೋ ತಮ್ಮಾ, ನಿನ್ನ ಡಬ್ಬಿ ಸತ್ತರ ನಮ್ಮ ಮಗ್ಗದ ಪಟ್ಟಿ ಸತ್ತಾವೇನೋ? ನೀನ ತೂತ ಹೊಡದ ಕೊಟ್ಟದ್ದು. ತೂತ ನೋಡಿ ತಿರಗಿ ಬರಕೋ. ಇದು ನವಿಲಿಂದು."

ಹಾಲವ್ವ ಗಂಟು ಬಿಚ್ಚಿದಳು. ಧೂಳು ಒರೆಸಿ ಮೊದಲ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ತೂತುಗಳಿಂದ ಬೆಳಕು ತೂರಿ ಅವಳ ಕೆನ್ನೆಯ ಮೇಲೆ ಚುಕ್ಕೆಚುಕ್ಕೆ ಬಿತ್ತು. ಆಗ ಅತ್ತಳು.

ಸುದ್ದಿ ಮಗ್ಗದಿಂದ ಮಗ್ಗಕ್ಕೆ ಹೋಯಿತು. ತೇರದಾಳದಿಂದ ಒಬ್ಬ ಹಳೆಯ ಪಟ್ಟಿಗಳನ್ನು ಬಸ್ಸಿನಲ್ಲಿ ತಂದ. ಅಟ್ಟ ಹತ್ತಿ ಹುಡುಕಿ ಕೊಟ್ಟವರಿದ್ದರು. ಶಿದ್ರಾಮಪ್ಪ ಒಂದು ಕಾಲಕ್ಕೆ ಬೈದು ಅಂಗಡಿಯಿಂದ ಇಳಿಸಿದ್ದ ನೇಕಾರ ಅಮಸಿದ್ದಪ್ಪನೂ ಎರಡು ಗಂಟು ತಂದ. "ನಿನ್ನ ಮಾರಿ ನೋಡಿ ಅಲ್ಲೋ, ಹಾಲವ್ವಕ್ಕನ ಕೈ ನೋಡಿ ತಂದೇನಿ" ಎಂದ. ಶಿದ್ರಾಮಪ್ಪ ಅವನಿಗೆ ಕುರ್ಚಿ ಸರಿಸಿದ.

ಹೊಸ ಡಿಸ್ಕ್ ಕೂಡಿಸಿ ಶೈಲಾ ಲಿನಕ್ಸ್ ಹಾಕಿದಳು. ಒಂದು ತಾಸಿನ ಕೆಲಸ. ಕಂಪ್ಯೂಟರ್ ಹಳೆಯದೇ, ಆದರೂ ಚಹಾ ಬರುವ ಮೊದಲೇ ಚಾಲೂ ಆಯಿತು. ಪರದೆಯಲ್ಲಿ ಕನ್ನಡ ಅಕ್ಷರವೂ ಬಂತು. ಚೌಕದಲ್ಲಿ ನಕ್ಷೆ ತುಂಬುವ ಚಿತ್ರದ ಸಾಫ್ಟ್‌ವೇರನ್ನು ಲಿನಕ್ಸಿನದೇ ಭಂಡಾರದಿಂದ ಇಳಿಸಿಕೊಟ್ಟಳು. ಅದಕ್ಕೂ ರೊಕ್ಕವಿಲ್ಲ.

"ಏನರ ಹೊಸಾದು ಹಾಕೂ ಮುಂದ ಪಾಸ್‌ವರ್ಡ್ ಕೇಳತೈತಿ. ಇದೇನು ಅಂಗಡಿಯೋ, ಪೊಲೀಸ್ ಚೌಕಿಯೋ?" ಎಂದು ಶಿದ್ರಾಮಪ್ಪ ಗೊಣಗಿದ.

"ನೀವು ಹೂಂ ಅನ್ನೂತನಕ ಏನೂ ಒಳಗ ಬರಬಾರದಂತನ ಕೇಳತೈತ್ರಿ."

"ಹಂಗಾರ ಇನ್ನ ಏನೂ ಭಯ ಇಲ್ಲ."

"ಐತ್ರಿ! ಲಿನಕ್ಸಿಗೂ ವೈರಸ್ ಅದಾವ, ಕಡಿಮಿ ಅಷ್ಟ. ಬಹುಮಾನ ಬಂದೈತಿ ಅಂತ ಯಾವನೋ ಕಳಿಸಿದ್ದನ್ನ ಒತ್ತಿದ್ರ, ಒಟಿಪಿ ಹೇಳಿದ್ರ ಯಾವ ಕಂಪ್ಯೂಟರೂ ಕಾಯೂದಿಲ್ಲ. ನಮ್ಮಪ್ಪ ಸಂತ್ಯಾಗ ಹೊಸಾ ಕುರಿ ತಂದ್ರ ಎಂಟ ದಿನ ಬ್ಯಾರೆ ಕಟ್ಟತಿದ್ದ, ಹಿಂಡಿನಾಗ ಬಿಡತಿರಲಿಲ್ಲ. ಮಂದಿ ಪೆನ್ ಡ್ರೈವ್ ಹಂಗ ತಿಳೀರಿ. ಅದರಾಗಿನ ನಕ್ಷೆ ಅಷ್ಟ ತಗೋರಿ, ಉಳದದ್ದು ಮುಟ್ಟಬ್ಯಾಡ್ರಿ."

ಮರುದಿನದಿಂದ ಗಂಡ ಹೆಂಡತಿ ಕುಳಿತರು. ಹಾಲವ್ವ ಪಟ್ಟಿ ಹಿಡಿದು ಹೇಳುವುದು, ಶಿದ್ರಾಮಪ್ಪ ಚೌಕ ತುಂಬುವುದು. "ತೂತ, ತೂತ, ಬಿಡ್ರಿ, ತೂತ... ಅಯ್ಯ, ಬಿಡ್ರಿ ಅಂದೆ, ತುಂಬಿದ್ರಲ್ಲ! ಕಿವಿ ಎಲ್ಲಿಟ್ಟೀರಿ?" ಇಷ್ಟು ವರ್ಷ ಬೈದವನು ಈಗ ಬೈಸಿಕೊಂಡು ನಗುತ್ತಿದ್ದ. ಪರದೆಯ ಮೇಲಿನ ಗುಂಡಿಗಳು ಸಿಗುತ್ತಿಲ್ಲ ಎಂದು ಲಿನಕ್ಸನ್ನು ಎಂಟು ದಿನ ಬೈದ. ಒಂಬತ್ತನೆಯ ದಿನ ಬೈಯುವುದು ಮರೆತುಹೋಯಿತು. ಪ್ರತಿ ಸಂಜೆ ಆ ದಿನದ ನಕ್ಷೆಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಕಳಚಿ, ಟ್ರಂಕಿನಲ್ಲಿ ಇಟ್ಟು ಬರುತ್ತಿದ್ದ.

ಎರಡು ತಿಂಗಳಲ್ಲಿ ಇಪ್ಪತ್ತಾರು ಸೆರಗು ತಿರುಗಿ ಬಂದವು. ಐದು ಬರಲಿಲ್ಲ. ಆ ಐದರ ಪಟ್ಟಿ ಯಾರ ಮನೆಯಲ್ಲೂ ಉಳಿದಿರಲಿಲ್ಲ.

ಗಂಟುಗಳನ್ನು ತಿರುಗಿ ಕೊಡಲು ಶಿದ್ರಾಮಪ್ಪ ಯಾರನ್ನೂ ಕಳಿಸಲಿಲ್ಲ, ತಾನೇ ಹೆಗಲ ಮೇಲೆ ಹೊತ್ತು ಮನೆಮನೆಗೆ ಹೋದ. ತಂಗೆವ್ವನ ಮನೆಗೆ ಕೊನೆಗೆ ಹೋದ. ಬಾಗಿ ಅವಳ ಕಾಲು ಮುಟ್ಟಿದ.

"ಏ, ಏಳೋ! ಮಂದಿ ನೋಡಿದ್ರ ನಾ ಸತ್ತೇನಿ ಅಂತ ತಿಳದಾರು," ಎಂದಳು ತಂಗೆವ್ವ.

ಆಮೇಲೆ ಶಿದ್ರಾಮಪ್ಪ ಶೈಲಾಳ ಕಡೆ ತಿರುಗಿ, "ನಿನಗ ಏನ್ ಕೊಡಲವಾ? ಕೇಳ," ಎಂದ.

"ಗುರುಸಿದ್ದಣ್ಣ ಸುದ್ದಿ ಕೇಳಿ ಆ ಸಾಫ್ಟ್‌ವೇರ್ ಹಾಕಲಿಲ್ಲ, ಅದಕ್ಕ ಅವನ ನಕ್ಷೆಗೋಳ ಇನ್ನೂ ಹೋಗಿಲ್ಲ. ಆದ್ರ ಅವನ ವಿಂಡೋಸೂ ಕದ್ದದ್ದ. ಹೋಗೂದ್ರೊಳಗ ಅವನ ಅಂಗಡಿಗೆ ನಡೀರಿ."

ಶಿದ್ರಾಮಪ್ಪ ಅಂದೇ ರಬಕವಿಗೆ ಹೋದ. ಗುರುಸಿದ್ದ "ನಾಳೆ ನೋಡೂನು" ಎಂದ. "ಹೇಳಿದ್ದ ಕೇಳದವ್ನ ಐದ ಸೆರಗ ಕಳಕೊಂಡ ನಿನ್ನ ಮುಂದ ನಿಂತಾನ, ನೋಡ," ಎಂದು ಶಿದ್ರಾಮಪ್ಪ ಅಲ್ಲೇ ಚಾಪೆ ಹಾಸಿಕೊಂಡು ಕುಳಿತ. ಎಲ್ಲ ನಕ್ಷೆಯ ನಕಲು ಮುಗಿದು, ಶೈಲಾ ಬಂದು ಲಿನಕ್ಸ್ ಹಾಕುವವರೆಗೂ ಏಳಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನೇರವಾಗಿ ಕೇಳುತ್ತೇವೆ: ನಿಮ್ಮ ಕಂಪ್ಯೂಟರಿನಲ್ಲಿ ಇರುವುದೇನು? ನಕ್ಷೆಯೋ, ಸಂಘದ ಕಾಗದವೋ, ತೀರಿಕೊಂಡವರ ಫೋಟೋವೋ? ಕದ್ದ ಸಾಫ್ಟ್‌ವೇರ್ ತೆಗೆದು ಎಸೆಯಿರಿ. "ಆಂಟಿವೈರಸ್ ಬಂದ್ ಮಾಡು" ಎಂದವನನ್ನು ನಂಬಬೇಡಿ. ಲಿನಕ್ಸ್ ಹಾಕಿಸಿಕೊಳ್ಳಿ, ನಿಮ್ಮ ಕೆಲಸಕ್ಕೆ ವಿಂಡೋಸೇ ಬೇಕೆಂದರೆ ಅಸಲಿಯದನ್ನು ಕೊಂಡು, ಅದರ ದುರಸ್ತಿಗಳನ್ನು ಆಗಾಗ ಹಾಕಿಕೊಳ್ಳಿ. ಬದಲಿಸುವ ಮೊದಲು ನಕಲು ತೆಗೆಯಿರಿ. ಗೊತ್ತಿಲ್ಲದಿದ್ದರೆ ಹತ್ತಿರದ ಕಾಲೇಜಿನ ಕಂಪ್ಯೂಟರ್ ಕಲಿಸುವವರನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಾಲವ್ವನ ಬೆನ್ನಿಗೆ ಊರು ನಿಂತಿತು, ಇಪ್ಪತ್ತಾರು ಸಿಕ್ಕವು. ಆ ಉಪಕಾರವನ್ನು ಆ ಮನೆ ಮರೆತಿಲ್ಲ. ಎಲ್ಲರ ವಸ್ತುವೂ ನೆರೆಯವರ ಅಟ್ಟದಲ್ಲಿ ಇರುವುದಿಲ್ಲ. ನಿಮ್ಮದನ್ನು ಇವತ್ತೇ ಕಾಯ್ದುಕೊಳ್ಳಿ.